ಗಾಳಿ ಓದಿದ ಹರಕೆ

ಸಾಂಗ್ಲಿ ಸೀಮೆಯ ಗಡಿಯೂರು ಉಟಗಿಯ ಟೇಲರ್ ದುಂಡಪ್ಪನಿಗೆ ಬಂದ ಫಜೀತಿಗೆ ಬೇರೆ ಯಾರೂ ಕಾರಣರಲ್ಲ, ಅವನ ಬಾಯೇ ಕಾರಣ. ತಿಂಗಳ ಹಿಂದೆ ಹೆಂಡತಿ ಸಾವಿತ್ರವ್ವ ದರಿಬಡಚಿಯ ತವರಿಗೆ ನಾಲ್ಕು ದಿನದ ಮಟ್ಟಿಗೆ ಹೊರಟು ನಿಂತವಳು, "ನಾ ಇಲ್ಲದಿದ್ರ ನಿಮಗ ತ್ರಾಸ ಆಗ್ತದೋ ಏನೋ" ಅಂದಿದ್ದಳು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈ ಪುಣ್ಯಾತ್ಮ ಓಣಿಗೆಲ್ಲ ಕೇಳುವಂತೆ, "ತ್ರಾಸ ಯಾತರದು? ನನಗೇನು ಕೈಕಾಲ ಇಲ್ಲೇನು? ನಾಕ ದಿನ ಯಾಕ, ನಾಕ ತಿಂಗಳ ಇದ್ದ ಬಾ!" ಅಂದುಬಿಟ್ಟ. ಗಂಡನ ಮಾತು ಮೀರಿದವಳಲ್ಲ ಸಾವಿತ್ರವ್ವ. ಹೋದವಳು ಹೋದಳು.

ದಿನಾ ಸಂಜೆ ಫೋನು ಬರುತ್ತಿತ್ತು. "ಊಟಾತೇನ್ರಿ?" "ಭರ್ಜರಿ ಆತು." ಭರ್ಜರಿ ಎಲ್ಲಿಂದ ಬರಬೇಕು? ಅವನು ಬಡಿದ ಜೋಳದ ರೊಟ್ಟಿ ಹಂಚು ಕಾಣುವ ಮೊದಲೇ ಮೂರು ಹೋಳಾಗುತ್ತಿತ್ತು. ಕಸುಬಿನ ಚಟ ನೋಡಿ, ಹೋಳುಗಳನ್ನು ಅಂಚಿಗೆ ಅಂಚು ಕೂಡಿಸಿ, ಎಲ್ಲಿ ಹೊಲಿಗೆ ಹಾಕಿದರೆ ಸರಿಹೋದೀತು ಎಂದು ಯೋಚಿಸುತ್ತ ಕೂತಿರುತ್ತಿದ್ದ. ಹಂಚಿನ ಮೇಲೆ ಅವು ಕರಕಾಗುತ್ತಿದ್ದವು.

ಊಟದ ಮಾತು ಹೋಗಲಿ ಬಿಡಿ. ಮಗಳು ಲಗ್ನವಾಗಿ ಹೋದ ಮೇಲೆ ಮನೆಯಲ್ಲಿ ಇದ್ದವರೇ ಇಬ್ಬರು. ಮಧ್ಯಾಹ್ನ ಪಡಸಾಲೆಯ ಅಂಗಡಿಯಲ್ಲಿ ಮಷೀನು ತುಳಿಯುತ್ತ, ಕಾಲರ್ ಚೆಂದ ಕೂತಿತೆಂದರೆ ದುಂಡಪ್ಪ, "ಏ, ಇಲ್ನೋಡ!" ಎಂದು ಹಿಂದೆ ತಿರುಗುವನು. ನೋಡುವವರು ಯಾರೂ ಇರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ರೂಢಿ, ಒಂದು ತಿಂಗಳಲ್ಲಿ ಬಿಡುತ್ತದೆಯೇ? ಅವನು ಮತ್ತೆ ತುಳಿಯತೊಡಗುವನು. ಬಾ ಅನ್ನಲು ನಾಲಿಗೆ ಏಳದು. ಕರೆಯಲು ಹೋಗೋಣವೆಂದರೆ ಓಣಿಯೇ ಎದ್ದು ನಿಂತು ನಗುತ್ತದೆ.

ಹೀಗಿರುವಾಗ ಲೇಹ್‌ನಿಂದ ಸೂಟಿಯ ಮೇಲೆ ಊರಿಗೆ ಬಂದ ಸೈನಿಕ ತಾನಾಜಿ, ಪ್ಯಾಂಟು ಸಣ್ಣ ಮಾಡಿಸಲು ಅಂಗಡಿಗೆ ಬಂದ. ಅವನ ಮೋಟರ್‌ಸೈಕಲ್ಲಿನ ಹ್ಯಾಂಡಲಿಗೆ ಬಣ್ಣಬಣ್ಣದ ಬಟ್ಟೆಯ ಸಣ್ಣ ಪತಾಕಿಗಳ ಸಾಲು ಕಟ್ಟಿತ್ತು. "ಅಲ್ಲಿ ಗುಡ್ಡದ ಮ್ಯಾಲೆಲ್ಲ ಇವನ್ನ ಕಟ್ಟತಾರ್ರಿ ಮಾಮಾ. ಮನಸಿನ್ಯಾಗಿಂದು ಅರಿವಿ ಮ್ಯಾಲ ಬರದ ಕಟ್ಟಿದ್ರ ಆತು. ಒಂದೊಂದ ಸಲ ಗಾಳಿ ಬೀಸಿದಾಗೂ ಒಂದೊಂದ ಸಲ ಬೇಡಿಕೊಂಡಂಗ" ಅಂದ.

ದುಂಡಪ್ಪನ ಕೈಯಲ್ಲಿದ್ದ ಕತ್ತರಿ ನಿಂತಿತು. ಆಷಾಢ. ಜತ್ತ ತಾಲೂಕಿಗೆ ದೇವರು ನೀರು ಕೊಡುವಾಗ ಕೈ ಹಿಡಿದಿರಬಹುದು, ಗಾಳಿಗೆ ಹಿಡಿದಿಲ್ಲ. ದೂರದ ಮರಡಿಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ಪವನಚಕ್ಕಿಗಳು ಹಗಲೂ ರಾತ್ರಿ ತಿರುಗುತ್ತಲೇ ಇದ್ದವು. ಆ ಗಾಳಿ ತನ್ನ ಮಾಳಿಗೆಯಿಂದ ಒಂದು ಮಾತು ಎತ್ತಿಕೊಂಡು, ಬದುಗಳನ್ನು ದಾಟಿ, ಮೇಯುವ ಕುರಿಗಳ ಬೆನ್ನ ಮೇಲೆ ಹಾದು, ದರಿಬಡಚಿಯ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತ ಕೂತ ಸಾವಿತ್ರಿಯ ಸೆರಗು ಹಿಡಿದು ಮೆಲ್ಲಗೆ ಎಳೆಯುವುದು ಅವನಿಗೆ ಕಣ್ಣು ತೆರೆದಿರುವಾಗಲೇ ಕಂಡಿತು. ಸಾವಿತ್ರಿ ತಲೆಯೆತ್ತಿ ಉಟಗಿಯ ದಿಕ್ಕು ನೋಡಿದಳು. ತಾನಾಜಿಯ ಪ್ಯಾಂಟು ಎರಡು ಬೆರಳು ಹೆಚ್ಚೇ ಸಣ್ಣದಾಯಿತು.

ಮರುದಿನ ಬೆಳಗಾಗುತ್ತಲೇ ದುಂಡಪ್ಪ, ಹೆಂಡತಿ ಕೌದಿಗೆಂದು ಕೂಡಿಟ್ಟ ಚಿಂದಿಯ ಗಂಟು ಬಿಚ್ಚಿ ಐದು ತುಂಡು ಕತ್ತರಿಸಿದ. ನಾಲ್ಕು ಬರೀ ಬಟ್ಟೆ, ಮಂದಿಯ ಕಣ್ಣಿಗೆ. ಐದನೆಯದು ಅಸಲಿ. ಎರಡು ಪದರಿನ ಹಳದಿ ಅರಿವೆಯ ಒಳಮಗ್ಗುಲಿಗೆ ಕೆಂಪು ದಾರದಲ್ಲಿ 'ಸಾವಿತ್ರಿ ಮನಿಗಿ ಬರಲಿ' ಎಂದು ಹೊಲಿದು, ಅಕ್ಷರ ಒಳಗಾಗುವಂತೆ ನಾಲ್ಕೂ ಅಂಚು ಮುಚ್ಚಿಬಿಟ್ಟ. ಗಾಳಿಗೆ ತಿಳಿಯಬೇಕು, ಓಣಿಗೆ ತಿಳಿಯಬಾರದು. ಮಾಳಿಗೆ ಹತ್ತಿ, ನೀರಿನ ಟಾಕಿಯಿಂದ ಬೇವಿನ ಟೊಂಗೆಗೆ ಹಗ್ಗ ಎಳೆದು ಕಟ್ಟಿದ. ಐದೂ ಪತಾಕಿ ಪಟಪಟ ಅಂದವು. ಸೆರಗು ಎಳೆಯುವ ಕೆಲಸ ಸುರುವಾಯಿತೆಂದು ಅವನು ಕಣ್ಣು ಮುಚ್ಚಿದ.

"ಏ ದುಂಡಪ್ಪಾ! ಯಾವ ಪಾರ್ಟಿ ಹಿಡದ್ಯೋ?"

ಎದುರುಮನೆಯ ಬಾಳಾಸಾಹೇಬ. ಎಸ್‌ಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾಗಿ ಆರು ವರ್ಷವಾದರೂ ಇಂದಿಗೂ ಹಿಂದಿನ ಸೀಟಿನವರಿಗೆ ಕೇಳುವಂತೆಯೇ ಮಾತಾಡುವವನು.

"ಪಾರ್ಟಿ ಅಲ್ರಿ ಕಾಕಾ. ಹರಕಿ. ಗಾಳಿಗೆ ಬೇಡಿಕೊಳ್ಳೂದು."

"ಏನ ಬೇಡಿಕೊಂಡಿ?"

ದುಂಡಪ್ಪ ತಡವರಿಸಿದ. "ಮ... ಮಳಿ ಬರಲಿ ಅಂತ."

ಇಲ್ಲೇ ಅವನು ಕೆಟ್ಟ. ಮಳೆ ಅಂದರೆ ಒಬ್ಬರ ಸ್ವತ್ತೇ? "ಮಳಿ ಊರಿಗೆಲ್ಲ ಬರೂದು. ಅಂದ ಮ್ಯಾಲ ಇದು ಊರ ಕೆಲಸ. ನೀ ಒಬ್ಬಾವ ಹೆಂಗ ಮಾಡ್ತಿ? ಓಣ್ಯಾಗಿನ ಮಂದೆಲ್ಲ ಸತ್ತಾರೇನು?" ಎಂದು ಬಾಳಾಸಾಹೇಬ ಧೋತರ ಎತ್ತಿ ಕಟ್ಟಿದ.

ಒಂದು ತಾಸಿನಲ್ಲಿ ಮಾಳಿಗೆ ತುಂಬಿತು. ಮಳೆ ಬೇಡಲು ಬಂದವರು ಮಳೆಯಷ್ಟೇ ಬೇಡಿ ಹೋಗುತ್ತಾರೆಯೇ? ಒಬ್ಬನಿಗೆ ಬೋರಿಗೆ ನೀರು, ಒಬ್ಬಳಿಗೆ ಮಗನಿಗೆ ಕನ್ಯೆ. ಬಾಜೂಮನೆಯ ಹಾಲವ್ವ ಆಯಿ ಎರಡು ದಿನದಿಂದ ಕಾಣದ ತನ್ನ ಕರಿ ಕುರಿ ಬರಲೆಂದು ಪತಾಕಿಗೆ ಕುರಿಯ ಚಿತ್ರವನ್ನೇ ಹೊಲಿದಳು. ಕೌದಿ ಹೊಲಿದು ಪಳಗಿದ ಕೈ, ಕುರಿ ಈಗ ಒದರೀತು ಅನ್ನುವಂತಿತ್ತು. ಚಿಂದಿಯ ಗಂಟು ಮುಗಿದಾಗ ಗಿರಾಕಿಗಳು ರವಿಕೆಗೆಂದು ಕೊಟ್ಟ ಜಂಪರ ಪೀಸಿಗೆ ಕೈ ಹೋಯಿತು. "ಅದು ದೀಪಾಲಿ ಬಾಯಾರ ಜಂಪರ್ರೀ!" ಎಂದು ದುಂಡಪ್ಪ ಒದರುವಷ್ಟರಲ್ಲಿ ಅದರ ತೋಳು ಹರಕೆಯಾಗಿ ಹಗ್ಗ ಏರಿತ್ತು.

ಆಮೇಲೆ ಭಾಷೆಯ ಜಗಳ. ಕನ್ನಡ ಸಾಲಿ ಕಲಿತವರು ಕನ್ನಡದಲ್ಲಿ ಬರೆದಿದ್ದರು, ಮರಾಠಿ ಸಾಲಿಯವರು ಮರಾಠಿಯಲ್ಲಿ. ಗಾಳಿಗೆ ಯಾವುದು ತಿಳಿಯುತ್ತದೆ? ಬಾಳಾಸಾಹೇಬ ತೀರ್ಪು ಕೊಟ್ಟ: "ಈಗಿಂದು ಪಡುವಣ ಗಾಳಿ. ಸಾಂಗ್ಲಿ ಕಡೆಯಿಂದ ಬರ್ತದ, ಮರಾಠಿ ಓದ್ತದ. ಹಿಂಗಾರಿಗೆ ವಿಜಾಪುರ ಕಡೆಯಿಂದ ಬೀಸ್ತದಲ್ಲ, ಅದಕ್ಕ ಕನ್ನಡ." ಕನ್ನಡದವರು ನಾಲ್ಕು ತಿಂಗಳು ಕಾಯಲು ಒಪ್ಪದೆ ಗದ್ದಲವೆದ್ದಿತು. ಗಾಳಿಗೆ ಎರಡೂ ಬರುತ್ತವೆ, ನಮ್ಮ ಹಾಗೆ, ಎಂದು ಹಾಲವ್ವ ಆಯಿ ಬಗೆಹರಿಸಿದಳು. ತನ್ನ ಪಾಂಡಿತ್ಯ ತೋರಿಸಲು ಬಾಳಾಸಾಹೇಬ ಹಗ್ಗದ ಮೇಲಿದ್ದ ಒಂದು ಮರಾಠಿ ಪತಾಕಿಯನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದ: "ನಮ್ಮ ಮಾವನವರು ದಿನಕ್ಕ ಒಂದ ತಾಸರೆ ಬಾಯಿ ಮುಚ್ಚಿಕೊಂಡ ಇರಲಿ." ಯಾರದಿದು ಎಂದು ಸುತ್ತಲೂ ನೋಡಿದ. ಅವನ ಸೊಸೆ ಪ್ರಾಜಕ್ತಾ ಮೊಬೈಲ್ ಮುಖಕ್ಕೆ ಹಿಡಿದು ಬಲು ಶ್ರದ್ಧೆಯಿಂದ ಆಕಾಶದ ವಿಡಿಯೋ ತೆಗೆಯುತ್ತಿದ್ದಳು. ಒಬ್ಬರದನ್ನೊಬ್ಬರು ಓದಬಾರದೆಂದು ಬಾಳಾಸಾಹೇಬ ಆಗಲೇ ನೇಮ ಮಾಡಿದ.

ಅಷ್ಟರಲ್ಲಿ "ಬ್ಯಾ" ಎಂದು ಕೇಳಿಸಿತು. ಹಾಲವ್ವ ಆಯಿಯ ಕರಿ ಕುರಿ! ಇಷ್ಟು ಮಂದಿಯ ಗದ್ದಲಕ್ಕೆ ಹಿತ್ತಿಲ ಬಣವೆಯ ಸಂದಿಯಿಂದ ಬೆದರಿ ಎದ್ದು ಬಂದಿತ್ತೋ ಏನೋ, ಅದನ್ನು ಕೇಳುವವರು ಯಾರು? ಮುದುಕಿ ಕುರಿಯ ಕೊರಳು ತಬ್ಬಿ ಅತ್ತಳು. ಮಂದಿ ಪತಾಕಿಗೆ ಕೈ ಮುಗಿದರು. ಪ್ರಾಜಕ್ತಾ ವಿಡಿಯೋ ಬಿಟ್ಟಳು, ಊರೂರಿಗೆ ಮುಟ್ಟಿತು.

ಹರಕೆ ಫಲಿಸಿದ ಜಾಗ ಹೊಲಸಿರಬಾರದಲ್ಲ? ಹಾಲವ್ವ ಆಯಿ ಹೆಂಗಸರನ್ನು ಕರಕೊಂಡು ದುಂಡಪ್ಪನ ಮನೆಯೊಳಗೇ ನುಗ್ಗಿದಳು. ಅವನು ಬಾಗಿಲಿಗೆ ಅಡ್ಡ ನಿಂತ. ಒಳಗೆ ಎಂಟು ದಿನದ ಮುಸುರೆ ಇತ್ತು. "ಸರಿಯೋ ಅತ್ತಾಗ" ಎಂದು ಮುದುಕಿ ಅವನನ್ನು ಸರಿಸಿ ಒಳಗೆ ಹೋದಳು, ಹೊರಗೆ ಬಂದು ಅವನ ಮುಖವನ್ನೇ ನೋಡಿದಳು.

"ಸಾವಿತ್ರವ್ವ ಇಲ್ಲದ ಭಾಳ ತ್ರಾಸ ಆಗೇದೇನೋ ತಮ್ಮಾ?"

"ಛೇ ಛೇ, ತ್ರಾಸ ಯಾತರದು ಆಯಿ?"

ಮುಸುರೆ ಎದ್ದಿತು, ನೆಲ ಸಾರಿಸಿದರು, ಅಂಗಳದಲ್ಲಿ ರಂಗೋಲಿ ಬಿತ್ತು. ಯಾರೋ ಒಲೆಯ ಮೇಲೆ ಚಹಾದ ದೊಡ್ಡ ಪಾತ್ರೆಯನ್ನೇ ಏರಿಸಿದರು. ಲಗ್ನದ ಮನೆಯೂ ಅಷ್ಟು ಕಳೆಯಾಗಿರಲಿಕ್ಕಿಲ್ಲ. ದುಂಡಪ್ಪ ಮಾತ್ರ ಒಂದು ಮೂಲೆ ಹಿಡಿದು ಕೂತು, ನೂರು ಪತಾಕಿಗಳ ನಡುವೆ ತನ್ನ ಹಳದಿಯದನ್ನು ನೋಡುತ್ತಿದ್ದ. ಇಷ್ಟೊಂದು ಬೇಡಿಕೆ ಹೊತ್ತ ಗಾಳಿಗೆ ತನ್ನದು ನೆನಪಿದ್ದೀತೇ ಎಂದು ಅವನಿಗೆ ಚಿಂತೆ.

ಹೊತ್ತು ಇಳಿಯುವಾಗ ಓಣಿಯ ಬಾಯಿಗೆ ಒಂದು ಜೀಪು ನಿಂತಿತು. ದರಿಬಡಚಿಯಿಂದ ವಿಡಿಯೋ ನೋಡಿ ಹರಕೆ ಕಟ್ಟಲು ಬಂದ ಹೆಂಗಸರು ಇಳಿದರು. ಕಡೆಗೆ ಇಳಿದವಳು ಸಾವಿತ್ರವ್ವ.

ದುಂಡಪ್ಪ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದ. ಗಾಳಿಗೆ ಅವಳ ಸೆರಗು ಹಾರುತ್ತಿತ್ತು, ನಿನ್ನೆ ಕಂಡ ಹಾಗೆಯೇ. ಮೈ ಕೈ ತುಂಬಿಕೊಂಡು, ನಿದ್ದೆ ತೀರಿದ ಮುಖದಲ್ಲಿ ಅವಳು ಮದುವೆಯ ವರ್ಷದವಳಂತೆ ಕಂಡಳು. ಗಾಳಿ ಓದಿತು, ಓದಿಬಿಟ್ಟಿತು! ಅವನಿಗೆ ಅಳು ಬಂತು, ಕೆಮ್ಮಿ ನುಂಗಿದ.

"ಬಂದ್ಯಾ?"

"ಬಂದ್ನಿರಿ" ಎಂದು ಅವಳು ಒಳಗೆ ಕಾಲಿಟ್ಟು ಬೆರಗಾಗಿ ನಿಂತಳು. ಹೊಳೆಯುವ ಭಾಂಡೆ ಪಾತ್ರೆ, ಸಾರಿಸಿದ ನೆಲ, ಕುದಿಯುವ ಚಹಾ, ಮನೆ ತುಂಬ ಮಂದಿ. "ಅಯ್ಯ ಶಿವನ! ನಾ ಇದ್ದಾಗೂ ಮನಿ ಹಿಂಗ ಇರಲಿಲ್ಲಲ್ರೀ! ದಿನಾ ಆರಾಮ ಅದೇನಿ ಅಂತೀರಿ, ನಾ ಖರೇನೋ ಸುಳ್ಳೋ ಅಂತಿದ್ನಿ."

ದುಂಡಪ್ಪ ನಕ್ಕ. ಬಂದದ್ದಂತೂ ಬಂದಳು, ಉಳಿದದ್ದು ಆಮೇಲೆ ಹೇಳಿದರಾಯಿತು.

ಅವಳು ಚೀಲದಿಂದ ಒಂದು ಪತಾಕಿ ತೆಗೆದಳು. ಅಂಚಿಗೆ ಕೌದಿಯ ಹೊಲಿಗೆ ಹಾಕಿ, ನಾಲ್ಕು ಮೂಲೆಗೆ ಬಟ್ಟೆಯ ಹೂ ಕೂಡಿಸಿ ಮಡಚಿಟ್ಟಿದ್ದಳು. "ನಿಮ್ಮ ಕೈಲೆ ಕಟ್ರಿ. ಓದಬ್ಯಾಡ್ರಿ ಮತ್ತ" ಎಂದು ನಾಚಿದಳು. ಏನು ಓದುವುದು ಅದರಲ್ಲಿ? ತನ್ನದೇ ಮಾತು ಆ ಕಡೆಯಿಂದ ಬರೆದದ್ದು, ಅಷ್ಟೇ. ದುಂಡಪ್ಪ ಟಾಕಿಯ ಮೇಲೆ ಹತ್ತಿ, ಎಲ್ಲಕ್ಕಿಂತ ಎತ್ತರದಲ್ಲಿ, ಮೂರು ಗಂಟು ಹಾಕಿ ಕಟ್ಟಿದ. ಟೇಲರನ ಗಂಟು, ಕತ್ತರಿ ಹಾಕದೆ ಬಿಚ್ಚದು.

ಗಾಳಿ ಅದನ್ನು ಪೂರ್ತಿ ಬಿಡಿಸಿ ಎತ್ತಿ ಹಿಡಿಯಿತು. ನೇಮವನ್ನು ಮಾಡಿದ ಬಾಳಾಸಾಹೇಬನೇ ಕತ್ತೆತ್ತಿ ಹಿಂದಿನ ಸೀಟಿನವರಿಗೂ ಕೇಳುವಂತೆ ಓದಿದ:

"ನಾ ಇಲ್ಲದಿದ್ರೂ ನಮ್ಮ ಮನಿಯವರು ಹಿಂಗ ಆರಾಮ ಇರಲಿ. ದೀಪಾವಳಿ ತನಕ ತವರಿನ್ಯಾಗ ಅವ್ವನ ಬಲ್ಲಿ ಇರೂವಂಗ ಆಗಲಿ."

"ಓದಬ್ಯಾಡ್ರಿ ಅಂದ್ನಲ್ರೀ!" ಎಂದು ಸಾವಿತ್ರವ್ವ ಸೆರಗಿನಲ್ಲಿ ನಕ್ಕಳು. ಆಮೇಲೆ ಗಂಡನ ಹತ್ತಿರ ಬಂದು ಮೆಲ್ಲಗೆ, "ಇಪ್ಪತ್ತೆರಡ ವರ್ಷದಾಗ ಮದಲನೇ ಸಲ ಬೆಳಕ ಹರದ ಮ್ಯಾಲ ಏಳಾಕತ್ತೇನ್ರಿ. ಅವ್ವ ತಲಿಗೆ ಎಣ್ಣಿ ಹಚ್ಚತಾಳ. ನಿಮಗ ಬ್ಯಾಸರ ಇಲ್ಲಲ್ಲ? ಇದ್ರ ಈಗ ಹೇಳ್ರಿ, ಇಲ್ಲೇ ಉಳೀತೇನಿ" ಅಂದಳು.

ಓಣಿಯೆಲ್ಲ ಅವನ ಬಾಯಿ ನೋಡಿತು. ದುಂಡಪ್ಪ ಬಾಯಿ ತೆರೆದ. ಅವಳ ಕಣ್ಣಿನ ಕೆಳಗೆ ಯಾವಾಗಲೂ ಇರುತ್ತಿದ್ದ ಕಪ್ಪು ಕಾಣೆಯಾಗಿತ್ತು. ಅದನ್ನೊಂದು ಗಳಿಗೆ ನೋಡಿದ.

"ಬ್ಯಾಸರ ಯಾತರದು? ಇದ್ದ ಬಾ" ಅಂದ.

ಜೀಪು ಹಾರ್ನ್ ಹೊಡೆಯಿತು. ಸಾವಿತ್ರವ್ವ ಗಂಡನ ಕೈಗೆ ಸೇಂಗಾ ಚಟ್ನಿಯ ಡಬ್ಬಿ ಕೊಟ್ಟು ಹೋದಳು.

"ಎಲ್ಲಾರದೂ ಗೊತ್ತಾತು. ಅಂಚ ಮುಚ್ಚಿ ಹೊಲಿದದ್ದು ನಿಂದೊಂದ ಉಳೀತಲ್ಲೋ" ಎಂದು ಬಾಳಾಸಾಹೇಬ ಹಳದಿ ಪತಾಕಿಗೆ ಕೈ ಹಾಕಿದ. ದುಂಡಪ್ಪನಿಗೆ ತಡೆಯುವ ಶಕ್ತಿ ಇರಲಿಲ್ಲ. ಹೊಲಿಗೆ ಪರ್ರನೆ ಬಿಚ್ಚಿತು. 'ಸಾವಿತ್ರಿ ಮನಿಗಿ ಬರಲಿ.' ಬಾಳಾಸಾಹೇಬನ ದನಿ ಮೊದಲ ಸಲ ಮುಂದಿನ ಸೀಟಿಗೂ ಕೇಳದಷ್ಟು ಸಣ್ಣದಾಯಿತು. ಸೊಸೆಯ ಹರಕೆಯೂ ಅರ್ಧ ಫಲಿಸಿದಂತಾಯಿತು.

ಹಾಲವ್ವ ಆಯಿ ಅಂದಳು: "ಬಂದಿದ್ಲಲ್ಲೋ ತಮ್ಮಾ. ಬರಲಿ ಅಂದಿ, ಬಂದ್ಲು. ಇರಲಿ ಅಂತ ನೀ ಬರದೇ ಇಲ್ಲ."

"ಅಂದ್ರ ಇವಂದೂ ತೀರಿತು!" ಎಂದು ಬಾಳಾಸಾಹೇಬನಿಗೆ ದನಿ ಮರಳಿತು. "ತೀರಿದ ಹರಕಿಗೆ ಓಣಿಗೆಲ್ಲ ಹೋಳಿಗಿ ಹಾಕಬೇಕೋ ದುಂಡಪ್ಪಾ. ನಾಳೆ ಐತವಾರ, ಚಲೋ ದಿನ."

ಒಬ್ಬೊಬ್ಬರೇ ಹೌದೆಂದು ತಲೆದೂಗಿ ಇಳಿದು ಹೋದರು. ದುಂಡಪ್ಪ ಡಬ್ಬಿ ಹಿಡಿದುಕೊಂಡು ಮಾಳಿಗೆಯ ಮೇಲೆ ಒಬ್ಬನೇ ನಿಂತ. ಜೀಪಿನ ಧೂಳು ದೂರದಲ್ಲಿ ಇನ್ನೂ ಏಳುತ್ತಿತ್ತು. ಪವನಚಕ್ಕಿಗಳು ಬಿರುಸಾಗಿ ತಿರುಗುತ್ತಿದ್ದವು, ಮತ್ತು ಎಲ್ಲಕ್ಕಿಂತ ಎತ್ತರದಲ್ಲಿ ಸಾವಿತ್ರಿಯ ಪತಾಕಿ ಒಂದು ಗಳಿಗೆಯೂ ನಿಲ್ಲದೆ ಬೇಡಿಕೊಳ್ಳುತ್ತಲೇ ಇತ್ತು.