ಪರದೆಯ ಮೇಲಿನ ಮೊದಲ ಹೆಸರು

ಕಂಪ್ಯೂಟರ್ ಮುಂದೆ ಸುಮ್ಮನೆ ಕೂತವನನ್ನೂ ನಗೆಯ ಪ್ರಸಂಗಗಳು ಬಿಡುವುದಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಕಲಬುರಗಿಯ ಒಂದು ಕಾಲೇಜಿನಲ್ಲಿ ಲಿನಕ್ಸ್ ಸರ್ವರ್ ಎಂಬ ದೊಡ್ಡ ಕಂಪ್ಯೂಟರ್ ಕಾಯುವ ಕೆಲಸ ನನ್ನದು. ನೌಕರಿ ಹಂಗಾಮಿ. ಕಾಯಂ ಆಗಲಪ್ಪ ಎಂದು ಪ್ರತಿ ಸೋಮವಾರ ಶರಣಬಸವೇಶ್ವರನಿಗೆ ಕಾಯಿ ಒಡೆಸುತ್ತಿದ್ದೆ.

ಭೇಷ್!

ಅಧ್ಯಾಪಕರೆಲ್ಲರ ಪ್ರೋಗ್ರಾಮುಗಳೂ ಆ ಒಂದೇ ಸರ್ವರ್‌ನಲ್ಲಿ ಓಡುತ್ತಿದ್ದವು. ‘ಟಾಪ್’ ಎಂದು ಟೈಪ್ ಮಾಡಿದರೆ ಯಾರ ಪ್ರೋಗ್ರಾಮು ಯಂತ್ರವನ್ನು ಎಷ್ಟು ದುಡಿಸುತ್ತಿದೆ ಎಂಬುದು ಪರದೆಯ ಮೇಲೆ ಬರುತ್ತದೆ. ಹೆಚ್ಚು ದುಡಿಸುವವರ ಹೆಸರು ಎಲ್ಲರಿಗಿಂತ ಮೇಲೆ. ಒಂದು ದಿನ ಪ್ರಾಚಾರ್ಯರು ಬಗ್ಗಿ ನೋಡಿದರು.

“ಇದೇನ್ರೀ?”

“ಯಾರ ಕೆಲಸ ಎಷ್ಟ್ ನಡದದ ಅಂತ ತೋರಸ್ತದ್ರೀ ಸರ್.”

ಮೊದಲ ಹೆಸರು ಗಣಿತದ ಸರ್‌ದು. “ಭೇಷ್! ಹ್ಯಾಂಗ ದುಡ್ಯಾಕತ್ತಾರ ನೋಡ್ರಿ!”

ಅಸಲಿಗೆ ಆ ಸರ್ ತಮ್ಮ ಪ್ರೋಗ್ರಾಮಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವುದನ್ನೇ ಮರೆತಿದ್ದರು. ಅದು ಗಾಣದೆತ್ತಿನಂತೆ ಸುಮ್ಮನೆ ಸುತ್ತುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಾಚಾರ್ಯರು ಅಭಿನಂದಿಸಲು ಹೊರಟೇಬಿಟ್ಟರು. ಗಣಿತದ ಸರ್ ಸಿಕ್ಕಿದ್ದು ಕ್ಯಾಂಟೀನಿನಲ್ಲಿ. ಕೈಕುಲುಕಲು ಅವರು ಮಿರ್ಚಿ ಭಜಿ ಕೆಳಗಿಡಬೇಕಾಯಿತಂತೆ.

ಕಮಲಾಪುರದ ಬಸ್ಸು

ಸುದ್ದಿ ಹರಡಿತು. ಎಲ್ಲರೂ ಹಾಗೆ ಸುಮ್ಮನೆ ಸುತ್ತುವ ಒಂದೊಂದು ಎತ್ತು ಕಟ್ಟಿದರು. ಭೌತಶಾಸ್ತ್ರದ ಸರ್ ಅವರ ಊರು ಕಮಲಾಪುರ. ಅವರು ಊಟವಾದ ಮೇಲೆ ಒಂದು ಪ್ರೋಗ್ರಾಮು ಸುತ್ತಲು ಬಿಟ್ಟು ಬಸ್ಸು ಹಿಡಿಯುತ್ತಿದ್ದರು. ಮರುದಿನ ನನಗೆ ಕೆಂಪು ಬಾಳೆಹಣ್ಣು ತರುತ್ತಿದ್ದರು. “ನಮ್ಮದೊಂದು ಬಂದ್ ಆಗದಂಗ ನೋಡ್ಕೋರಿ.” ಹಣ್ಣು ಬಹಳ ರುಚಿ, ಏನು ಮಾಡಲಿ?

ಒಂದು ಸಂಜೆ ಪ್ರಾಚಾರ್ಯರು ಪರದೆಯ ಮೇಲೆ ಅವರ ಹೆಸರು ನೋಡಿ ಮರುಗಿದರು. “ಇನ್ನಾ ಮನಿಗಿ ಹೋಗಿಲ್ಲೇನು? ಪಾಪ, ನಾಳೆ ಆರಾಮ ತಗೊಳ್ಳಿ ಅವರು.”

ಆ ಆರಾಮನ್ನೂ ಸರ್ ಕಮಲಾಪುರದಲ್ಲೇ ತೆಗೆದುಕೊಂಡರು.

ತಳದಲ್ಲಿದ್ದವನು

ನನ್ನ ನೌಕರಿಯ ಮಾತು ಎತ್ತಿದೆ. ಪ್ರಾಚಾರ್ಯರು ತಲೆಯಾಡಿಸಿದರು. “ಯಾವಾಗ ನೋಡಿದ್ರೂ ನಿಮ್ಮ ಹೆಸರು ತಳದಾಗ ಇರ್ತದ. ಕಾಯಂ ಹ್ಯಾಂಗ ಮಾಡ್ಲಿ? ಆಡಳಿತ ಮಂಡಳಿ ಅಧ್ಯಕ್ಷರು ಬರಾಕತ್ತಾರ, ಅವರಿಗೇನು ತೋರಸ್ಲಿ?”

ನಾನೂ ಒಂದು ಎತ್ತು ಕಟ್ಟಬಹುದಿತ್ತು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದಲ್ಲ! ಬಾಳೆಹಣ್ಣು ತಿಂದೆ.

ಅಧ್ಯಕ್ಷರು ಬಂದರು

ಆಡಳಿತ ಮಂಡಳಿಯ ಅಧ್ಯಕ್ಷರು ಬರುವ ದಿನ ಎಲ್ಲರ ಎತ್ತುಗಳೂ ಒಮ್ಮೆಲೇ ಓಡತೊಡಗಿ ಸರ್ವರ್ ಏದುಸಿರು ಬಿಟ್ಟಿತು. ಅವರಿಗೆ ತೋರಿಸಬೇಕಾದ ಪರೀಕ್ಷೆಯ ಫಲಿತಾಂಶವೇ ಪ್ರಿಂಟ್ ಆಗದು. ಕಾಯಂ ಹೋದರೆ ಹೋಗಲಿ ಎಂದು ಎಲ್ಲರ ಪ್ರೋಗ್ರಾಮುಗಳನ್ನೂ ನಿಲ್ಲಿಸಿಬಿಟ್ಟೆ. ಫಲಿತಾಂಶ ಸರಸರನೆ ಹೊರಬಂತು.

ಅಷ್ಟರಲ್ಲಿ ಪ್ರಾಚಾರ್ಯರೂ ಅಧ್ಯಕ್ಷರೂ ಒಳಬಂದರು. ನಾನು ಓಡಿಸುತ್ತಿದ್ದ ‘ಟಾಪ್’ ಕೂಡ ಒಂದು ಪ್ರೋಗ್ರಾಮೇ. ಉಳಿದವೆಲ್ಲ ನಿಂತಿದ್ದರಿಂದ ಈಗ ಅದೇ ಮೊದಲು, ಅದರ ಪಕ್ಕದಲ್ಲಿ ನನ್ನ ಹೆಸರು.

ಪ್ರಾಚಾರ್ಯರು ಹಿಗ್ಗಿದರು. “ನೋಡ್ರಿ ಸಾಹೇಬ್ರ, ಎಲ್ಲಾರೂ ಕೈಕಟ್ಟಿ ಕುಂತಾಗ ಇವರೊಬ್ಬರೇ ದುಡ್ಯಾಕತ್ತಾರ!”

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಏನ್ ಕೆಲಸ ಮಾಡಾಕತ್ತೀರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಯಾರ್ ಯಾರ್ ದುಡ್ಯಾಕತ್ತಾರ ಅಂತ ನೋಡಾಕತ್ತೀನ್ರೀ.”

ಅಧ್ಯಕ್ಷರು ಪ್ರಾಚಾರ್ಯರ ಹೆಗಲ ಮೇಲೆ ಕೈಯಿಟ್ಟರು. “ಇಷ್ಟು ವರ್ಷ ನೀವೂ ಇದೇ ಕೆಲಸ ಮಾಡ್ಕೋತ ಬಂದೀರಲ್ರೀ? ಇವರನ್ನ ಲಗೂನ ಕಾಯಂ ಮಾಡ್ರಿ. ಮುಂದ ಪ್ರಾಚಾರ್ಯರಾಗ್ತಾರ!”