ಹತ್ತು ಮನೆ, ಒಂದು ಕರಿಬೇವಿನ ಗಿಡ

ಶ್ರೀಪಾದನ ಎರಡು ವರ್ಷದ ಕನಸಿಗೆ ಅಡ್ಡ ಬಂದದ್ದು ಒಂದು ಬೆಳ್ಳಿಬಣ್ಣದ ಹಾಳೆ. ಶುಕ್ರವಾರ ಸಂಜೆ ಹವಾಮಾನ ವರದಿಯವರು ಶ್ರೀಪಾದ ನೆಲೆಸಿದ್ದ ಪರದೇಶದ ಊರು ಪಾಮರ್ಸ್ಟನ್ ನಾರ್ತ್‌ಗೆ ಮೈನಸ್ ಎರಡು ಡಿಗ್ರಿ ಎಂದದ್ದೇ ತಡ, ಎದುರುಮನೆಯ ಲೀಲಾವತಿ ಆಂಟಿ ತಮ್ಮ ಮಹಡಿಯ ಡೆಕ್ಕಿನ ಮೇಲಿದ್ದ ಪ್ಲಾಸ್ಟಿಕ್ ಗುಡಾರಕ್ಕೆ ಚಳಿ ತಡೆಯುವ ಆ ಲೋಹದ ಹಾಳೆಯನ್ನು ಸುತ್ತಿದರು. ಸೆರಗಿಗೆ ಹಾಕುವಷ್ಟು ಅಚ್ಚುಕಟ್ಟಾಗಿ ಪಿನ್ನು ಹಾಕಿದರು. ಗುಡಾರದೊಳಗೆ ಅವರ ಏಳಡಿ ಎತ್ತರದ ಕರಿಬೇವಿನ ಗಿಡವಿತ್ತು.

ಇದು ಶ್ರೀಪಾದನಿಗೆ ಗೊತ್ತಾಗಲಿಲ್ಲ. ಆ ಹೊತ್ತಿಗೆ ಅವನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ದೂರದ ಬೆಟ್ಟದ ಸಾಲಿನ ಗಾಳಿಯಂತ್ರಗಳನ್ನು ನೋಡುತ್ತಿದ್ದ. ಅವು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು. ನೋಡುತ್ತ ನಿಂತರೆ ಶ್ರೀಪಾದನ ತಲೆಯೂ ಅದೇ ವೇಗದಲ್ಲಿ ತಿರುಗತೊಡಗುತ್ತಿತ್ತು, ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು.

ಅವರದು ಊರಿನ ಅಂಚಿನಲ್ಲಿ ಹೊಸದಾಗಿ ಎದ್ದ ಹತ್ತು ಮನೆಗಳ ಓಣಿ. ಆರು ಮನೆ ಕನ್ನಡದವರವು. ಇಂಟರ್ನೆಟ್ ಕೇಬಲ್ ಕಂಪನಿಯವರು ಎರಡು ವರ್ಷದಿಂದ "ಇನ್ನಾರು ತಿಂಗಳು" ಎನ್ನುತ್ತಿದ್ದರು. ಮೊಬೈಲ್ ಸಿಗ್ನಲ್ ಬೇಕಾದವರು ಗೇಟಿನ ಬಳಿಯ ಪೋಸ್ಟ್ ಡಬ್ಬಿಯ ಪಕ್ಕ ನಿಂತು ಬಲಗೈ ಎತ್ತಬೇಕಿತ್ತು. ಹೊಸಬರು ಯಾರಾದರೂ ಬಂದರೆ, ಇವರೆಲ್ಲ ಇಷ್ಟು ಪ್ರೀತಿಯಿಂದ ಯಾರಿಗೆ ಟಾಟಾ ಮಾಡುತ್ತಿದ್ದಾರೆ ಎಂದು ಹಿಂತಿರುಗಿ ನೋಡುತ್ತಿದ್ದರು.

ಹಾಲಿನ ಲ್ಯಾಬಿನಲ್ಲಿ ಹದಿನೈದು ವರ್ಷದಿಂದ ಬೇರೆಯವರ ಹಸುಗಳ ಹಾಲನ್ನು ಪರೀಕ್ಷಿಸುತ್ತ ಬಂದ ಶ್ರೀಪಾದನಿಗೆ, ಬದುಕಿನಲ್ಲಿ ಒಮ್ಮೆಯಾದರೂ ಇದು ನಾನು ಮಾಡಿದ್ದು ಎಂದು ತೋರಿಸುವಂಥದ್ದು ಒಂದು ಬೇಕಿತ್ತು. ಹಾಗೆ ಹುಟ್ಟಿದ್ದು ಓಣಿಗೆ ಗಾಳಿಯಲ್ಲೇ ಇಂಟರ್ನೆಟ್ ತರುವ 'ತಂಗಾಳಿ ನೆಟ್'. ದೊಡ್ಡ ಕಂಪನಿಯ ಕಂಬದಿಂದ ಬೆಟ್ಟದ ಮೇಲಿನ ಗ್ರಾಂಟನ ಶೆಡ್ಡಿಗೆ, ಶೆಡ್ಡಿನ ಮೇಲಿನ ಡಿಶ್ಶಿನಿಂದ ಶ್ರೀಪಾದನ ಚಾವಣಿಯ ಡಿಶ್ಶಿಗೆ, ಅಲ್ಲಿಂದ ಹತ್ತು ಮನೆಗೆ. ತಂತಿಯಿಲ್ಲ, ಗುಂಡಿಯಿಲ್ಲ. ಒಂದೇ ನಿಯಮ, ಡಿಶ್ಶಿಗೆ ಡಿಶ್ಶು ಕಾಣಬೇಕು.

ಗ್ರಾಂಟ್ ಹಸು ಸಾಕುವ ರೈತ, ಒಳ್ಳೆಯವನು, ಆದರೆ ಒಂದೇ ಮಾತಿನವನು. "ಸದ್ಯ ಪರೀಕ್ಷೆಗೆ ಡಿಶ್ಶು ಇಟ್ಟುಕೋ. ಹತ್ತಕ್ಕೆ ಹತ್ತು ಮನೆಯವರೂ ಸಹಿ ಹಾಕಿದರೆ ಶೆಡ್ಡಿನ ಚಾವಣಿ ನಿನ್ನದು. ಒಬ್ಬರು ಬಿಟ್ಟರೂ ನಾಳೆ ಅವರೇ ನನ್ನ ಬಾಗಿಲಿಗೆ ದೂರು ತರುತ್ತಾರೆ. ಸೋಮವಾರದಿಂದ ಹಸುಗಳು ಕರು ಹಾಕುತ್ತವೆ, ಆಮೇಲೆ ನನಗೆ ಪುರುಸೊತ್ತಿಲ್ಲ. ಶನಿವಾರ ಐದಕ್ಕೆ ಬರುತ್ತೇನೆ," ಎಂದಿದ್ದ.

ಇವತ್ತು ಆ ಶನಿವಾರ.

ಹನ್ನೊಂದು ಗಂಟೆಗೆ ಓಣಿಯವರೆಲ್ಲ ಶ್ರೀಪಾದನ ಮನೆಯಲ್ಲಿ ಸೇರಿದರು, ಲೀಲಾವತಿ ಆಂಟಿಯೊಬ್ಬರನ್ನು ಬಿಟ್ಟು. ಶ್ರೀಪಾದ ಎಲ್ಲರ ಫೋನಿಗೂ ತಂಗಾಳಿಯ ಪಾಸ್‌ವರ್ಡ್ ಹಾಕಿಕೊಟ್ಟ. ಹೆಂಡತಿ ತಾರಾ ಆಸ್ಪತ್ರೆಯಲ್ಲಿ ನರ್ಸು; ರಾತ್ರಿಪಾಳಿ ಮುಗಿಸಿ ಬಂದವಳು ಕಣ್ಣುಜ್ಜಿಕೊಂಡೇ ಕೇಸರಿಬಾತ್ ಮಾಡಿದ್ದಳು. ಶ್ರೀಪಾದ ಟೀವಿಯ ಮುಂದೆ ನಿಂತು, ಮನಸ್ಸಿನಲ್ಲೇ ಬೆಟ್ಟದಿಂದ ಒಂದು ಬೆಳಕಿನ ಎಳೆ ಮೋಡಗಳ ಕೆಳಗೆ ತೇಲಿ ಬರುವುದನ್ನು ಕಂಡು, ಗುಂಡಿ ಒತ್ತಿದ.

ಟೀವಿಯಲ್ಲಿ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು.

"ಏನ್ರೀ ಶ್ರೀಪಾದ, ನಿಮ್ಮ ಗಾಳಿ ಎಲ್ಲಿ ತನಕಾ ಬಂತ್ರಿ?" ಎಂದರು ಧಾರವಾಡದ ಡೆಂಟಿಸ್ಟ್ ಗುರುರಾಜ್, ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಳ್ಳುತ್ತ.

"ಬರ್ತಾ ಇದೆ ಸರ್, ಎರಡೇ ನಿಮಿಷ."

"ಎರಡು ವರ್ಷದಿಂದ ಆ ಕೇಬಲ್‌ನೋರೂ ಇದನ್ನೇ ಹೇಳ್ತಿರೋದು," ಎಂದಳು ಔಷಧಿ ಅಂಗಡಿಯ ಕಾತ್ಯಾಯಿನಿ.

ಶ್ರೀಪಾದ ಏಣಿ ಹಾಕಿ ಚಾವಣಿ ಹತ್ತಿದ. ತೊಳೆದಿಟ್ಟಂಥ ಆಕಾಶ, ದೂರದಲ್ಲಿ ನೀಲಿ ಬೆಟ್ಟ. ಹತ್ತು ಮನೆಗಳ ಚಾವಣಿಯೂ ಮಂಜು ಕರಗಿ ಹೊಳೆಯುತ್ತಿತ್ತು. ಇದೆಲ್ಲ ನನ್ನ ಓಣಿ, ಇಲ್ಲಿಯ ಪ್ರತಿ ಕಿಟಕಿಯೊಳಗೂ ನಾನು ಕೊಟ್ಟ ಬೆಳಕು ಮಿನುಗುತ್ತದೆ ಎಂದುಕೊಂಡು ಅವನು ಎಷ್ಟೋ ಹೊತ್ತು ಕೂತುಬಿಟ್ಟ. ಕೆಳಗಿನಿಂದ ತಾರಾ ಕೂಗಿದಾಗಲೇ ಎಚ್ಚರ. ಆಗ ಕಂಡಿತು, ಡಿಶ್ಶಿಗೂ ಬೆಟ್ಟಕ್ಕೂ ನಟ್ಟನಡುವೆ ಲೀಲಾವತಿ ಆಂಟಿಯ ಡೆಕ್ಕಿನ ಮೇಲೆ ಬೆಳ್ಳಿಯ ಗೋಡೆ. ಸಿಗ್ನಲ್ಲು ಅಲ್ಲಿಗೆ ಬಂದು, ಮುಖ ನೋಡಿಕೊಂಡು, ಬೆಟ್ಟಕ್ಕೆ ವಾಪಸ್ಸು ಹೋಗುತ್ತಿತ್ತು.

ಲೀಲಾವತಿ ಆಂಟಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದದ್ದು ಒಂದೇ ಪೇಶೆಂಟು. ಗುಡಾರದ ಬಾಗಿಲಲ್ಲಿ ಚಾರ್ಟು ನೇತಾಡುತ್ತಿತ್ತು, ಬೆಳಿಗ್ಗೆ ಆರಕ್ಕೆ ಒಂಬತ್ತು ಡಿಗ್ರಿ, ಎಂಟಕ್ಕೆ ಹತ್ತೂವರೆ. ಇಲ್ಲಿನ ಭಾರತೀಯ ಅಂಗಡಿಯಲ್ಲಿ ಸಿಗುವುದು ಫ್ರೀಜರಿನಲ್ಲಿ ಕಪ್ಪಾದ ಎಲೆ. ಓಣಿಯ ಅಷ್ಟೂ ಮನೆಯ ಒಗ್ಗರಣೆ ಈ ಒಂದು ಗಿಡದ ಮೇಲೆ ನಿಂತಿತ್ತು. ಮೂರನೇ ನಂಬರಿನ ಮನೆಯ, ಆ ದೇಶದವನೇ ಆದ ಬಕ್ಕತಲೆಯ ಬ್ಯಾರಿ ಕೂಡ ವಾರಕ್ಕೆ ಎರಡು ಕಡ್ಡಿ ಒಯ್ಯುತ್ತಿದ್ದ. ಕರಿಬೇವು ಕೂದಲಿಗೆ ಒಳ್ಳೆಯದೆಂದು ಆಂಟಿಯೇ ಹೇಳಿದ್ದರು. ಅವನಿನ್ನೂ ಕಾಯುತ್ತಿದ್ದ.

"ಆಂಟಿ, ಆ ಹಾಳೆ ಒಂದು ಸ್ವಲ್ಪ ತೆಗೀಬಹುದಾ?" ಎಂದ ಶ್ರೀಪಾದ, ಅವರ ಡೆಕ್ಕಿಗೆ ಹತ್ತಿ ಬಂದು.

"ಐಸಿಯುನಲ್ಲಿರೋರ ಕಂಬಳಿ ತೆಗೀತಾರೇನಪ್ಪಾ?"

"ನನ್ನ ಡಿಶ್ಶಿಗೆ ಬೆಟ್ಟ ಕಾಣ್ತಿಲ್ಲ ಆಂಟಿ."

"ನಿನ್ನ ಡಿಶ್ಶಿಗೆ ಬೆಟ್ಟ ಕಾಣದಿದ್ರೆ ಸಾಯುತ್ತಾ? ನನ್ನ ಗಿಡ ಸಾಯುತ್ತೆ."

"ಹಾಗಿದ್ರೆ ಡಿಶ್ಶನ್ನೇ ನಿಮ್ಮ ಮನೆ ಮೇಲೆ ಹಾಕ್ಲಾ?"

"ಆ ತಟ್ಟೆನಾ? ನನ್ನ ಗಿಡದ ತಲೆ ಮೇಲಾ? ಎಲೆ ಉದುರಿದ್ರೆ ಯಾರು ಜವಾಬ್ದಾರಿ?"

ಅಷ್ಟರಲ್ಲಿ ಕೇಸರಿಬಾತ್ ಮುಗಿಸಿದ ಓಣಿಯವರೆಲ್ಲ ಕಾಫಿಯ ಲೋಟ ಹಿಡಿದು ಡೆಕ್ಕಿನ ಕೆಳಗೆ ಬಂದು ನಿಂತಿದ್ದರು. ಶ್ರೀಪಾದ ಆಸೆಯಿಂದ ಅವರ ಕಡೆ ತಿರುಗಿದ. ಇಂಟರ್ನೆಟ್ಟಿಗಾಗಿ ಎರಡು ವರ್ಷ ಕೈ ಎತ್ತಿ ನಿಂತ ಜನ ತನ್ನ ಪರ ಮಾತಾಡದೆ ಇರುತ್ತಾರೆಯೇ?

"ನೆಟ್ ಇಲ್ದೆ ಎರಡು ವರ್ಷ ಬದುಕಿದೀವಿ ಶ್ರೀಪಾದ," ಎಂದಳು ಕಾತ್ಯಾಯಿನಿ. "ಕರಿಬೇವಿಲ್ದೆ ಎರಡು ದಿನ ಸಾರು ಮಾಡಿ ನೋಡಿ."

ಶ್ರೀಪಾದ ಗಡಿಯಾರ ನೋಡಿದ. ಗಂಟೆ ಎರಡಾಗಿತ್ತು. ಅವನ ಮುಖ ನೋಡಲಾಗದೆ ಗುರುರಾಜ್ ಕಾಫಿಯ ಲೋಟ ಕೆಳಗಿಟ್ಟರು.

"ತಡೀರಿ, ಇದಕ್ಕೊಂದು ದಾರಿ ಅದ. ಗಿಡಾ ಒಂದ್ ತಾಸು ಮನಿ ಒಳಗ ಇಡೋಣ. ಗುಡಾರ ಮಡಚೋಣ. ಇವ್ರ ಗಾಳಿ ಬರ್ತದೋ ಇಲ್ಲೋ ನೋಡೋಣ. ಆಮೇಲೆ ಗಿಡಕ್ಕ ಬ್ಯಾರೆ ಜಾಗಾ ಹುಡಕೋಣ. ಏನಂತೀರಿ ಅಕ್ಕಾರ?"

ಆಂಟಿ ಚಾರ್ಟು ನೋಡಿದರು, ಆಕಾಶ ನೋಡಿದರು. ಹೀಟರ್ ಹಾಕಿದ ಕೋಣೆ, ಒಂದೇ ಗಂಟೆ, ಒಂದು ಎಲೆಯೂ ಅಲುಗಬಾರದು ಎಂಬ ಷರತ್ತಿನ ಮೇಲೆ ತಲೆಯಾಡಿಸಿದರು.

ಗಿಡ ನೆಟ್ಟಿದ್ದುದು ಅರ್ಧ ಕತ್ತರಿಸಿದ ಮರದ ಪೀಪಾಯಿಯಲ್ಲಿ. ಗುಡಾರ ಮಡಚಿದ ಮೇಲೆ ಗುರುರಾಜ್, ಬ್ಯಾರಿ, ಕಾತ್ಯಾಯಿನಿಯ ಗಂಡ, ಶ್ರೀಪಾದ, ನಾಲ್ವರೂ ನಾಲ್ಕು ಕಡೆ ಹಿಡಿದರು. ಆಂಟಿ ಸ್ಟ್ರೆಚರಿನ ಮುಂದೆ ನಡೆಯುವ ಹಾಗೆ ಮುಂದೆ ನಡೆದರು. "ನಿಧಾನ, ನಿಧಾನ, ತಲೆ ಬಗ್ಗಿಸಿ, ನಿಮ್ಮದಲ್ಲ, ಗಿಡದ್ದು." ಪೀಪಾಯಿ ಜಾರುಬಾಗಿಲ ಹೊಸ್ತಿಲು ದಾಟಿ ಅರ್ಧ ಒಳಗೆ ಬಂತು. ಆಗ ಗುರುರಾಜರ ಜೇಬಿನಲ್ಲಿ ಟಿಂಗ್ ಎಂದಿತು.

ಆಮೇಲೆ ಬ್ಯಾರಿಯ ಜೇಬಿನಲ್ಲಿ. ಆಮೇಲೆ ಎಲ್ಲರ ಜೇಬಿನಲ್ಲೂ ಒಟ್ಟಿಗೆ. ಇಲ್ಲಿ ಮಧ್ಯಾಹ್ನ ಮೂರೆಂದರೆ ಊರಿನ ಕಡೆ ಬೆಳಗಿನ ಎಂಟೂವರೆ; ದೊಡ್ಡಮ್ಮ, ಚಿಕ್ಕಪ್ಪ, ಸೋದರಮಾವಂದಿರೆಲ್ಲ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುವ ಹೊತ್ತು.

"ಬಂತ್ರೀ! ಬಂತು!" ಎಂದು ಗುರುರಾಜ್ ಕೂಗಿ, ಎರಡೂ ಕೈಯಲ್ಲಿ ಫೋನು ಹಿಡಿದರು. ಉಳಿದಿಬ್ಬರೂ ಹಾಗೇ ಮಾಡಿದರು. ಪೀಪಾಯಿಯ ಭಾರವೆಲ್ಲ ಶ್ರೀಪಾದನ ಮೇಲೆ ಬಂತು. ಅವನಿಗದು ಗೊತ್ತೇ ಆಗಲಿಲ್ಲ. ಅವನು ಬಾಗಿಲಿನಾಚೆಗೆ ಬೆಟ್ಟವನ್ನು ನೋಡುತ್ತಿದ್ದ. ಅಲ್ಲಿಂದ ಏನೋ ಒಂದು, ಕಣ್ಣಿಗೆ ಕಾಣದ್ದು, ಕುರಿಗಳ ಮೇಲೆ, ಹೊಲಗಳ ಮೇಲೆ, ಹಂಚುಗಳ ಮೇಲೆ ಹಾರಿಕೊಂಡು ತನ್ನ ಮನೆಗೆ ಬಂದಿತ್ತು. ಅವನು ತಂದಿದ್ದ. ಅವನ ಕಣ್ಣು ತುಂಬಿತು, ಪೀಪಾಯಿ ವಾಲಿತು, ಗಿಡ ಬಾಗಿಲ ಚೌಕಟ್ಟಿಗೆ ಒರಗಿತು, ಲಟಕ್ಕನೆ ಒಂದು ದೊಡ್ಡ ಕೊಂಬೆ ಮುರಿಯಿತು.

ಟಿಂಗ್ ಟಿಂಗ್ ಮಾತ್ರ ಕೇಳುತ್ತಿತ್ತು.

ಆಂಟಿ ಕೊಂಬೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ಚಾರ್ಟಿನಲ್ಲಿ 'ಮೂರು ಗಂಟೆ, ಶ್ರೀಪಾದ' ಎಂದು ಬರೆದರು.

ನಾಲ್ಕೂವರೆಯ ಹೊತ್ತಿಗೆ ಶ್ರೀಪಾದನ ಒಪ್ಪಿಗೆಯ ಹಾಳೆಯಲ್ಲಿ ಒಂಬತ್ತು ಸಹಿ ಬಿದ್ದಿತ್ತು. ತಂಗಾಳಿಯ ವೇಗಕ್ಕೆ ಎಲ್ಲರೂ ಬೆರಗಾಗಿದ್ದರು; ಬ್ಯಾರಿ ತನ್ನ ಮೊಮ್ಮಗಳ ಜೊತೆ ಮುಖ ನೋಡಿ ಮಾತಾಡಿದ್ದ, ತಾರಾ ಹೆಮ್ಮೆಯಿಂದ ಮೊದಲ ಸಹಿ ಹಾಕಿದ್ದಳು. ಹತ್ತನೆಯದಕ್ಕೆ ಶ್ರೀಪಾದ ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುರಿದ ಕೊಂಬೆಯ ಎಲೆಗಳನ್ನು ಕೆಡಿಸಬಾರದೆಂದು ಆಂಟಿ ದೊಡ್ಡ ಬಾಣಲೆಯಲ್ಲಿ ಚಿತ್ರಾನ್ನದ ಒಗ್ಗರಣೆ ಹಾಕುತ್ತಿದ್ದರು.

"ಆಂಟಿ, ಕ್ಷಮಿಸಿ. ಒಂದೇ ಒಂದು ಸಹಿ."

"ಗಿಡಕ್ಕೆ ಜಾಗ ತೋರ್ಸು, ಹಾಕ್ತೀನಿ. ಇಲ್ದಿದ್ರೆ ಆರು ಗಂಟೆಗೆ ಗುಡಾರ ಮೇಲೇಳುತ್ತೆ," ಎಂದರು ಆಂಟಿ, ಅವನ ಕಡೆ ತಿರುಗದೆ.

ಐದಕ್ಕೆ ಸರಿಯಾಗಿ ಗ್ರಾಂಟನ ಪಿಕಪ್ ಗಾಡಿ ಬಂದು ನಿಂತಿತು. ಮನೆಗೆ ಬಂದವರಿಗೆ ತಟ್ಟೆ ಕೊಡದೆ ಮಾತಾಡಿಸುವುದು ಆಂಟಿಗೆ ಗೊತ್ತಿಲ್ಲ. ಗ್ರಾಂಟ್ ಹಳದಿ ಅನ್ನವನ್ನು ಅನುಮಾನದಿಂದ ಒಂದು ಚಮಚ ತಿಂದ. ಎರಡನೇ ತಟ್ಟೆ ಮುಗಿಸಿ, ತಳದಲ್ಲಿದ್ದ ಹುರಿದ ಎಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಇದೇನೆಂದು ಕೇಳಿದ. ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಗಿಡವನ್ನು ತೋರಿಸಿದರು. ಅವನು ಕರು ಪರೀಕ್ಷಿಸುವವನ ಹಾಗೆ ಅದರ ಸುತ್ತ ಒಂದು ಸುತ್ತು ಬಂದ.

"ಇದನ್ನು ಇಲ್ಲಿ ಯಾಕಿಟ್ಟಿದ್ದೀರಿ? ಮಂಜು ಬೆಟ್ಟದಿಂದ ಇಳಿದು ನಿಮ್ಮ ತಗ್ಗಿನಲ್ಲೇ ಕೂರುತ್ತದೆ. ನನ್ನ ಶೆಡ್ಡಿನ ಹತ್ತಿರ ಒಂದು ಹನಿ ಮಂಜು ಬೀಳುವುದಿಲ್ಲ. ದಿನವಿಡೀ ಬಿಸಿಲು," ಎಂದ.

ಶ್ರೀಪಾದ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಿಡ ಬೆಟ್ಟಕ್ಕೆ ಹೋದರೆ ಡೆಕ್ಕು ಖಾಲಿ, ಡೆಕ್ಕು ಖಾಲಿಯಾದರೆ ಬೆಟ್ಟ ಕಾಣುತ್ತದೆ, ಆಂಟಿಯ ಸಹಿಯೂ ಬರುತ್ತದೆ. ಇಡೀ ಆಕಾಶವೇ ತನ್ನ ಕಡೆಗೆ ವಾಲಿದಂತೆ ಅನಿಸಿತು.

"ಆಂಟಿ, ಯೋಚನೆನೇ ಮಾಡ್ಬೇಡಿ, ಕಳಿಸ್ಬಿಡಿ! ಅಲ್ಲಿನ ಬಿಸಿಲು ನಾನೇ ನೋಡಿದೀನಿ. ಎಂಥ ಗಾಳಿ, ಎಂಥ ಬೆಳಕು! ಒಂದಲ್ಲ, ನೂರು ಗಿಡ ಹಾಕ್ಬಹುದು!"

ಅವನು ಬದುಕಿನಲ್ಲಿ ಯಾವತ್ತೂ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಗ್ರಾಂಟನಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದ, ಕೈ ಬೀಸಿ, ಕಣ್ಣರಳಿಸಿ. ಆಂಟಿ ಮೊದಲ ಸಲ ನಕ್ಕರು. ಬೀಜದ ಸಸಿ ಮೂವತ್ತು ಇವೆ, ಶೆಡ್ಡಿನ ತುಂಬ ಬೆಳೆಸೋಣ, ವಾರ ವಾರ ಹತ್ತು ಮನೆಗೂ ಒಂದೊಂದು ಕಟ್ಟು ಎಂದರು. ಗ್ರಾಂಟ್ ಕೈ ಚಾಚಿದ, ಆಂಟಿ ಕುಲುಕಿದರು.

"ಶೆಡ್ಡಿನ ಕಬ್ಬಿಣದ ಮಾಡು ನಾಳೆಯೇ ಬಿಚ್ಚುತ್ತೇನೆ," ಎಂದ ಗ್ರಾಂಟ್. "ಬೆಳಕು ಬೇಕಲ್ಲ, ಪಾರದರ್ಶಕ ಪ್ಲಾಸ್ಟಿಕ್ ಹಾಕೋಣ."

"ಆದ್ರೆ ನನ್ನ ಡಿಶ್ಶು?" ಎಂದ ಶ್ರೀಪಾದ.

"ಪ್ಲಾಸ್ಟಿಕ್ಕಿನ ಮೇಲೆ ಅದು ನಿಲ್ಲುವುದಿಲ್ಲ. ಬೇರೆ ಕಡೆ ಕರೆಂಟಿಲ್ಲ," ಎಂದು ಗ್ರಾಂಟ್ ನಿಜವಾದ ವಿಷಾದದಿಂದಲೇ ಹೇಳಿದ. ಎರಡರಲ್ಲಿ ಒಂದು, ಓಣಿಯವರೇ ಆರಿಸಲಿ, ತನ್ನ ನಿಯಮ ಎಲ್ಲರಿಗೂ ಒಂದೇ, ಹತ್ತಕ್ಕೆ ಹತ್ತು ಎಂದ.

ಆಂಟಿ ಶ್ರೀಪಾದನ ಕೈಯಿಂದ ಹಾಳೆ ತೆಗೆದುಕೊಂಡು, ಮಗುಚಿ, ಖಾಲಿಯಿದ್ದ ಬದಿಯಲ್ಲಿ 'ಕರಿಬೇವು' ಎಂದು ಬರೆದು ಸಹಿ ಹಾಕಿದರು. ಮುಂದಿನ ಸಹಿ ಕಾತ್ಯಾಯಿನಿಯದು. ಗುರುರಾಜ್ "ತಪ್ಪು ತಿಳಕೋಬ್ಯಾಡ್ರಿ" ಎನ್ನುತ್ತಲೇ ಹಾಕಿದರು. ಬ್ಯಾರಿ ತಲೆ ಸವರಿಕೊಂಡು ಹಾಕಿದ. ಹಾಳೆ ಕೈಯಿಂದ ಕೈಗೆ ಹೋಗಿ ಗ್ರಾಂಟನಿಗೆ ತಲುಪಿತು. ಅವನು ಎರಡೂ ಬದಿ ತಿರುಗಿಸಿ ನೋಡಿದ. ಆ ಕಡೆ ಒಂಬತ್ತು, ಈ ಕಡೆಯೂ ಒಂಬತ್ತು.

ಈ ಬದಿಗೆ ಇನ್ನೂ ಸಹಿ ಹಾಕದೆ ಉಳಿದದ್ದು ಒಂದೇ ಮನೆ, ಶ್ರೀಪಾದನದು. ಅವನಿಗೆ ಉಸಿರು ಬಂತು. ಅವನು ಎಲ್ಲ ನಂಬಿಕೆಯನ್ನೂ ಕಣ್ಣಲ್ಲಿಟ್ಟುಕೊಂಡು ತನ್ನ ಹೆಂಡತಿಯ ಕಡೆ ನೋಡಿದ. ತಾರಾ ಬಾಯಲ್ಲಿದ್ದ ಚಿತ್ರಾನ್ನವನ್ನು ನಿಧಾನವಾಗಿ ಅಗಿದು ನುಂಗಿ, ಅವನ ಹತ್ತಿರ ಬಂದು, ಅವನ ಭುಜದ ಮೇಲೆ ಬಹಳ ಪ್ರೀತಿಯಿಂದ ಕೈಯಿಟ್ಟಳು.

"ಬೇಜಾರ್ ಮಾಡ್ಕೋಬೇಡಿ ರೀ," ಎಂದಳು, ಅವನ ಜೇಬಿನಿಂದ ಪೆನ್ನು ತೆಗೆದುಕೊಳ್ಳುತ್ತ. "ಇಂಟರ್ನೆಟ್ಟಾದ್ರೆ ನಂಗೆ ಆಸ್ಪತ್ರೇಲಿ ಸಿಗತ್ತೆ."