ಗಾಲಿಮನೆಗೊಂದು ಕಡಲತೀರ

ನಮ್ಮ ಮನೆಯಲ್ಲಿ ಕೊನೆಯ ಮಾತು ನನ್ನದು. ಇದು ಜಂಬವಲ್ಲ, ಆಡಳಿತ ವ್ಯವಸ್ಥೆ. ನಮ್ಮವರು, ಅಂದರೆ ನನ್ನ ಪತಿ ಚಿತ್ತಯ್ಯನವರು, ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಮೊದಲು ತಂತಿ ಮುಟ್ಟಿ, ಆಮೇಲೆ ಅದರಲ್ಲಿ ಕರೆಂಟಿದೆಯೇ ಎಂದು ಯೋಚಿಸುವ ಸ್ವಭಾವ. (ಅವರು ಇನ್ನೂ ಬದುಕಿರುವುದಕ್ಕೆ ನಮ್ಮೂರು ಚಳ್ಳಕೆರೆಯಲ್ಲಿ ಕರೆಂಟ್ ಹೋಗುತ್ತಿದ್ದುದೇ ಕಾರಣವೆಂದು ನನ್ನ ಖಚಿತ ಅಭಿಪ್ರಾಯ.) ನಾನು ಇತಿಹಾಸದ ಪ್ರಾಧ್ಯಾಪಕಿಯಾಗಿದ್ದವಳು. ಸಿದ್ದಾಪುರದ ಬಂಡೆಯ ಮೇಲಿರುವ ಅಶೋಕನ ಅಕ್ಷರಗಳ ಮುಂದೆ ಬಿಸಿಲಿನಲ್ಲಿ ಕೂತು ಪಿಎಚ್.ಡಿ. ಪಡೆದವಳು. ಮದುವೆಯಾದ ದಿನದಿಂದ ನಾನು ಅವರಿಗೆ ಹೇಳುತ್ತ ಬಂದಿರುವುದು ಒಂದೇ: "ಮೊದಲು ಯೋಚನೆ, ಆಮೇಲೆ ಮಾತು."

೧೯೯೮ರಲ್ಲಿ ಅವರು ಹೊಸಪೇಟೆಗೆ ಯಾರದೋ ಮದುವೆಗೆಂದು ಹೋಗಿ, ಹಂಪಿಯನ್ನೂ ಮುಗಿಸಿಕೊಂಡು ಬಂದರು. ಬಂದವರು ವಿರೂಪಾಕ್ಷನ ವಿಷಯ ಎತ್ತಲಿಲ್ಲ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಅಲ್ಲೊಬ್ಬ ಫಾರಿನ್ನವನು, ಅವನ ಹೆಂಡ್ತಿ, ವ್ಯಾನ್‌ನಾಗೇ ಸಂಸಾರ ಮಾಡ್ತಾರೆ ಕಣೇ! ವ್ಯಾನ್‌ನಾಗೆ ಮಂಚ, ವ್ಯಾನ್‌ನಾಗೆ ಒಲೆ, ಕಿಟಕಿಗೆ ಪರದೆ. ಊರು ಬೇಜಾರಾದ್ರೆ ಮನೇನೇ ಸ್ಟಾರ್ಟ್ ಮಾಡ್ಕೊಂಡು ಹೊರಟೋಗ್ತಾರೆ!"

"ನೀವು ಅವರ ಮನೆಯೊಳಗೆ ಇಣುಕಿ ನೋಡಿದಿರಾ?"

"ಇಣುಕ್ಲಿಲ್ಲ. ನಿಂತ್ಕೊಂಡು ನೋಡಿದೆ. ಸಾಕಾಗಿ ಕೊನೆಗೆ ಅವರೇ ಕರೆದು ಕಾಫಿ ಕೊಟ್ರು."

ಹದಿನೈದು ದಿನದೊಳಗೆ ನಮ್ಮ ಮನೆಯ ಮುಂದೆ ಒಂದು ಹಳೆಯ ಮಟಡೋರ್ ಬಂದು ನಿಂತಿತು. ಅದು ಮೊದಲು ಮದುವೆಗಳಿಗೆ ಬ್ಯಾಂಡ್‌ಸೆಟ್‌ನವರನ್ನು ಹೊರುತ್ತಿದ್ದ ವಾಹನ. ಅದರ ಬಾಗಿಲ ಮೇಲೆ ಕೆನ್ನೆಯುಬ್ಬಿಸಿ ಕಹಳೆ ಊದುತ್ತಿದ್ದ ಮನುಷ್ಯನ ಚಿತ್ರವಿತ್ತು. ಅಳಿಸಲು ಹೋದರೆ ಬಾಗಿಲೇ ಬರುತ್ತದೆ ಎಂದು ಮೆಕ್ಯಾನಿಕ್ ಚಾಂದ್ ಪಾಷ ಎಚ್ಚರಿಸಿದ್ದರಿಂದ ಅವನು ಊದುತ್ತಲೇ ಉಳಿದ. ಚಾಂದ್ ಪಾಷ ಅದರೊಳಗೆ ಮಂಚ ಕೂರಿಸಿದ, ಸೀಮೆಎಣ್ಣೆ ಸ್ಟೌವಿಗೆ ಕಟಕಟೆ ಕಟ್ಟಿದ. ಮೊಳಕಾಲ್ಮೂರಿನಲ್ಲಿ ಕುಣಿಮಗ್ಗದ ಗುಂಡಿಯೊಳಗೆ ಕಾಲಿಳಿಬಿಟ್ಟು ಬಾಳೆಲ್ಲ ನೇಯ್ದ ನಮ್ಮವರ ಅಕ್ಕ ಬೊಮ್ಮಕ್ಕ, ನೇಯ್ಗೆ ಕೆಟ್ಟು ಮಾರಾಟವಾಗದೆ ಉಳಿದಿದ್ದ ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ಪರದೆ ಮಾಡಿಕೊಟ್ಟರು. ಹೊರಗೆ ಕಹಳೆ, ಒಳಗೆ ಜರಿಯಂಚಿನ ನವಿಲು. ವಿಜಯನಗರದ ಅರಸರಿಗೂ ಇಂಥ ರಥ ಇದ್ದಂತೆ ಯಾವ ಶಾಸನವೂ ಹೇಳುವುದಿಲ್ಲ.

ಮನೆಗೆ ಗಾಲಿ ಬಂತು. ಎಲ್ಲಿಗೆ ಉರುಳಬೇಕೆಂಬುದೇ ಪ್ರಶ್ನೆ. ಸಮುದ್ರಕ್ಕೆ ಎಂಬುದರಲ್ಲಿ ಎಲ್ಲರೂ ಒಂದಾದೆವು, ಏಕೆಂದರೆ ನಮ್ಮಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಯಾವ ದಡಕ್ಕೆ ಎಂಬಲ್ಲಿ ಜಗಳ ಶುರುವಾಯಿತು.

"ಮುರುಡೇಶ್ವರ," ಎಂದರು ನಮ್ಮವರು. "ಅಲ್ಲಿ ಕಾಫಿ ಚೆನ್ನಾಗೈತಂತೆ."

"ಗೋಕರ್ಣ," ಎಂದರು ಬೊಮ್ಮಕ್ಕ. "ಒರೇಯ್ ಚಿತ್ತೂ, ಕಾಫಿ ಕುಡಿಯೋಕೆ ಯಾರಾದ್ರೂ ಸಮುದ್ರಕ್ಕೆ ಹೋಗ್ತಾರಾ? ನಂಗೆ ಮುಳುಗು ಹಾಕಬೇಕು. ನೀನೇನ್ ಹೇಳ್ತೀಯಾ ಅಮ್ಮಾಯಿ?"

(ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ. ನನಗಾಗ ಅರವತ್ತೇಳು ವರ್ಷ. ಆಕೆಗೆ ನಾನು ಬಡ್ತಿ ಪಡೆದದ್ದು ಇನ್ನೂ ತಿಳಿದಿಲ್ಲ.)

"ಕಾಫಿ, ಮುಳುಗು, ಇವೆಲ್ಲ ಆಧಾರಗಳಲ್ಲ," ಎಂದೆ ನಾನು. "ಕಣ್ಣಾರೆ ಕಂಡವರನ್ನು ವಿಚಾರಿಸಿ, ಹೇಳಿಕೆಗಳನ್ನು ಹೋಲಿಸಿ ನಿರ್ಧರಿಸೋಣ. ಅಕ್ಷರದ ಬಾಲ ನೋಡಿ ಅದರ ಶತಮಾನ ಹೇಳುವವಳಿಗೆ ಒಂದು ಬೀಚು ಆರಿಸುವುದು ಕಷ್ಟವೇ?"

ನಿಜ ಹೇಳುತ್ತೇನೆ, ಆ ವಿಚಾರಣೆಯ ವಾರಗಳಷ್ಟು ಕುತೂಹಲ ನನಗೆ ಸಂಶೋಧನೆಯ ಕಾಲದಲ್ಲೂ ಇರಲಿಲ್ಲ. ಬಯಲುಸೀಮೆಯಲ್ಲಿ ಸಮುದ್ರ ಕಂಡವರು ಇಷ್ಟು ಜನ ಇದ್ದಾರೆಂದಾಗಲಿ, ಅವರಲ್ಲಿ ಯಾರೂ ಸಮುದ್ರವನ್ನು ನೋಡಿಲ್ಲವೆಂದಾಗಲಿ ನನಗೆ ಗೊತ್ತಿರಲಿಲ್ಲ. ಸೀರೆ ಮಾರಲು ಗೋಕರ್ಣಕ್ಕೆ ಹೋಗಿಬಂದಿದ್ದ ದಾಸಣ್ಣನನ್ನು ಕೇಳಿದೆ. "ಬ್ಯಾಡ್ರಿ ಮೇಡಂ. ಆ ಗಾಳಿಗೆ ಜರಿ ಕಪ್ಪಾಗ್ತೈತೆ," ಎಂದ. ಅಲೆ ಹೇಗಿತ್ತಪ್ಪಾ ಎಂದರೆ, "ಅಲೆ ನೋಡೋಕೆ ಎಲ್ರೀ, ನಾನು ಗಂಟು ಹಿಡ್ಕೊಂಡಿದ್ದೆ," ಎಂದ. ಚಾಂದ್ ಪಾಷನ ಹೆಂಡತಿ ಜಹೀರಾಳ ತಂಗಿಯನ್ನು ಭಟ್ಕಳಕ್ಕೆ ಕೊಟ್ಟಿದ್ದರು. ಅಲ್ಲಿಗೆ ಹೋಗಿಬಂದಿದ್ದ ಜಹೀರಾ ಅರ್ಧ ಗಂಟೆ ಅಲ್ಲಿಯ ಬಿರಿಯಾನಿಯನ್ನು ವರ್ಣಿಸಿದಳು. ಸಮುದ್ರದ ಬಗ್ಗೆ ಕೇಳಿದ್ದಕ್ಕೆ, "ಹಾಂ, ಮನೆ ಹಿಂದೆ ಏನೋ ಶಬ್ದ ಬರ್ತಿತ್ತು ಮೇಡಂ," ಎಂದಳು.

ಪರಶುರಾಂಪುರದ ಹಾಲೇಶಪ್ಪ ಈರುಳ್ಳಿ ಲಾರಿಯ ಜೊತೆ ಮಂಗಳೂರಿಗೆ ಹತ್ತಾರು ಸಲ ಹೋದವನು.

"ಸಮುದ್ರ ಹೇಗಿದೆ ಹಾಲೇಶಪ್ಪ?"

"ಹೋಗೋವಾಗ ಬಲಗಡೆ ಇರ್ತೈತ್ರಿ, ಬರೋವಾಗ ಎಡಗಡೆ."

ಇಷ್ಟು ನಿಖರವಾದ ಹೇಳಿಕೆ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಕೆದಕಿ ಕೇಳಿದೆ. ಕುಂದಾಪುರದಿಂದ ಆಚೆ ಒಂದು ಸಣ್ಣ ದಡವಿದೆಯಂತೆ. (ಹೆಸರು ಬರೆಯುವುದಿಲ್ಲ, ಅದರ ತಪ್ಪೇನೂ ಇಲ್ಲ.) ಜನವಿಲ್ಲ, ಅಂಗಡಿಯಿಲ್ಲ, ತೆಂಗಿನ ಮರಗಳಿವೆ. "ಮರಳು ಸಾರಿಸಿದ ಕಣ ಇದ್ದಂಗೈತ್ರಿ. ಮೀನಿನ ಲಾರಿ ಸೀದಾ ನೀರಿನ ತಂಕ ಹೋಗ್ತೈತೆ," ಎಂದ. ಗಾಲಿಮನೆಯ ಹೊಸ್ತಿಲಲ್ಲಿ ಕೂತು ಅಲೆಗೆ ಕಾಲು ಚಾಚಬಹುದಾದ ದಡ! ನಾನು ತೀರ್ಪು ಕೊಟ್ಟೆ. ಮುರುಡೇಶ್ವರವೂ ಗೋಕರ್ಣವೂ ವಜಾ ಆದವು.

ಆಮೇಲೆ ನೀರಿನ ಪ್ರಶ್ನೆ ಬಂತು. ವ್ಯಾನಿನೊಳಗೆ ದೊಡ್ಡದೊಂದು ಕಬ್ಬಿಣದ ಡ್ರಮ್ಮು ಕೂರಿಸಬೇಕೆಂದೆ. ಕೂರಿಸಿದರೆ ನಮ್ಮವರ ಮಂಚ ಅರ್ಧವಾಗುತ್ತಿತ್ತು.

"ಸಮುದ್ರದ ದಂಡೆಗೆ ಹೋಗೋರು ನೀರ್ಯಾಕೆ ಹೊತ್ಕೊಂಡು ಹೋಗಬೇಕು?"

"ಸಮುದ್ರದ ನೀರು ಉಪ್ಪು."

"ಊರಿರ್ತೈತಲ್ಲೇ, ಬಾವಿ ಇರಲ್ವಾ?"

"ಸಮುದ್ರದ ಪಕ್ಕದಲ್ಲಿ ಬಾವಿ ತೋಡಿದರೆ ಏನು ಬರುತ್ತೆ? ಸಮುದ್ರವೇ ಬರುತ್ತೆ. ಮೊದಲು ಯೋಚನೆ, ಆಮೇಲೆ ಮಾತು."

ಚಾಂದ್ ಪಾಷ ನನ್ನ ಪಕ್ಷ. "ಮೇಡಂ ಹೇಳೋದು ಸಹೀ ಐತೆ ಸಾಬ್. ಮನೆ ಬಿಟ್ಟ ಮ್ಯಾಲೆ ಡೀಸೆಲ್ ಖಾಲಿ ಆದ್ರೂ ನಡೀತೈತೆ, ನೀರು ಖಾಲಿ ಆಗಬಾರ್ದು." ಈ ಮಾತಿಗೆ ನಮ್ಮ ಸೀಮೆಯಲ್ಲಿ ಎದುರು ಮಾತಿಲ್ಲ. ವಾರಕ್ಕೊಮ್ಮೆ ನಲ್ಲಿ ಬರುವ ಊರಿನವರು ನಾವು. ಕೊಡ ಖಾಲಿಯಿದ್ದರೆ ನಿದ್ದೆ ಬರುವುದಿಲ್ಲ.

ನಮ್ಮವರು ಮೊಟಕಾಗಲಿದ್ದ ಮಂಚವನ್ನು ನೋಡಿದರು, ನನ್ನನ್ನು ನೋಡಿದರು.

"ಆಯ್ತು ಡಾಕ್ಟ್ರೇ," ಎಂದರು. (ಸಿಟ್ಟು ಬಂದಾಗ ಮಾತ್ರ ಅವರಿಗೆ ನನ್ನ ಪಿಎಚ್.ಡಿ. ನೆನಪಾಗುತ್ತದೆ.) "ಬೀಚೂ ನಿಂದು, ನೀರೂ ನಿಂದು. ಇದ್ರಾಗೆ ಯಾವ್ದಾದ್ರೂ ಒಂದು ತಪ್ಪಾದ್ರೆ?"

"ಅಂದಿನಿಂದ ಮನೆಯಲ್ಲಿ ಕೊನೆಯ ಮಾತು ನಿಮ್ಮದು."

"ಅಕ್ಕಾ, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ. ಪಾಷ, ನೀನೂ ಕೇಳಿಸ್ಕೊಂಡೆ ತಾನೇ?"

"ನಾನೇ ಗವಾ ಅಮ್ಮಾ," ಎಂದು ಚಾಂದ್ ಪಾಷ ಎದೆ ಮುಟ್ಟಿಕೊಂಡು ಸಾಕ್ಷಿಯಾದ. ಡ್ರಮ್ಮಿಗೆ ನಮ್ಮ ಬೀದಿಯ ಕೊಳವೆಬಾವಿಯ ನೀರು ತುಂಬಿಸಿದೆವು. ಇಡೀ ಪೇಟೆಯಲ್ಲೇ ಸಿಹಿಯೆಂದು ಹೆಸರಾದ ನೀರು.

ಸಂಕ್ರಾಂತಿ ಕಳೆದು ಹೊರಟೆವು. ಚಾಂದ್ ಪಾಷ ಸ್ಟಿಯರಿಂಗ್ ಹಿಡಿದ. ನಮ್ಮವರು ಡ್ರಮ್ಮನ್ನು ತಬ್ಬಿಕೊಂಡು ಮಲಗಿದರು. ಘಾಟಿ ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬಂತು. ತಿರುವು ತಿರುವಿಗೂ ಡ್ರಮ್ಮಿನೊಳಗಿನ ನೀರು ಗುಳುಗುಳು ಎಂದು ನಗುತ್ತಿತ್ತು. ಎದುರು ಬಂದವರೆಲ್ಲ ಕಹಳೆಯವನನ್ನು ನೋಡಿ ಮದುವೆ ದಿಬ್ಬಣವೆಂದು ದಾರಿ ಬಿಟ್ಟರು.

ದಡ ಹಾಲೇಶಪ್ಪ ಹೇಳಿದ ಹಾಗೆಯೇ ಇತ್ತು. ಜನವಿಲ್ಲ. ತೆಂಗು. ಸಾರಿಸಿದ ಕಣದಂಥ ಮರಳು. ನಾನು ನಮ್ಮವರ ಕಡೆ ಒಂದು ನೋಟ ಎಸೆದೆ. ಚಾಂದ್ ಪಾಷ ಸೀದಾ ನೀರಿನ ತನಕ ಓಡಿಸಿ ಎಂಜಿನ್ ಆರಿಸಿದ. ನಾವು ಹೊಸ್ತಿಲಲ್ಲಿ ಕೂತೆವು. ಆಗ ನಮ್ಮ ಮನೆ ನಿಧಾನವಾಗಿ, ಮುದಿ ಎಮ್ಮೆ ಕೆರೆಯಲ್ಲಿ ಕೂರುವ ಹಾಗೆ, ಹಿಂದಿನಿಂದ ಕೂತಿತು.

ಹಾಲೇಶಪ್ಪನನ್ನು ನೂರು ಪ್ರಶ್ನೆ ಕೇಳಿದ್ದ ನಾನು ಒಂದನ್ನು ಕೇಳಿರಲಿಲ್ಲ: ನೀರಿನ ತನಕ ಹೋಗುವ ಆ ಲಾರಿ ತುಂಬಿದ್ದೋ, ಖಾಲಿಯೋ?

ಗಾಲಿ ಗಿರಗಿರನೆ ತಿರುಗಿತು, ಇನ್ನಷ್ಟು ಹೂತುಕೊಂಡಿತು. ನೂಕಿದೆವು, ಅಲುಗಲಿಲ್ಲ. ಅಷ್ಟರಲ್ಲಿ ಕಾಲಡಿಯಲ್ಲಿ ತಣ್ಣಗಾಯಿತು. ಅಲೆ ನಮ್ಮ ಹತ್ತಿರ ಬರುತ್ತಿತ್ತು. ನಾವು ಸಮುದ್ರ ನೋಡಲು ಮರೆತದ್ದಕ್ಕೆ ಅದೇ ನಮ್ಮನ್ನು ನೋಡಲು ಹೊರಟಿತ್ತು.

"ವಜನ್ ಇಳಿಸಬೇಕು ಮೇಡಂ," ಎಂದ ಚಾಂದ್ ಪಾಷ. "ಡ್ರಮ್ ಖಾಲಿ ಮಾಡಬೇಕು."

"ಮಾಡು."

ಅವನು ಡ್ರಮ್ಮಿನ ನಲ್ಲಿಗೆ ಕೈ ಇಟ್ಟ. ತೆಗೆದ. "ಮರಳಿಗಾ ಮೇಡಂ? ಸುಮ್ನೆ ಮರಳಿಗಾ? ನೀವೇ ಬಿಡ್ರಿ. ನನ್ನ ಕೈಲಿ ಆಗಲ್ಲ."

"ರೀ, ನೀವು ಬಿಡಿ."

"ನನ್ನ ಮಂಚ ತಿಂದ ಡ್ರಮ್ಮು ಅದು," ಎಂದು ನಮ್ಮವರು ಉತ್ಸಾಹದಿಂದ ಎದ್ದರು. ನಲ್ಲಿ ಮುಟ್ಟಿ, "ಕುಡಿಯೋ ನೀರು ಕಣೇ..." ಎಂದು ಕೂತರು.

"ಮಂಚಿ ನೀಳ್ಳು ಯಾರಾದ್ರೂ ಚೆಲ್ತಾರಾ? ಅಯ್ಯೋ ದೇವುಡಾ!" ಎಂದು ಬೊಮ್ಮಕ್ಕ ಡ್ರಮ್ಮಿಗೇ ಕೈ ಮುಗಿದರು.

ನಾನು ಭಾವುಕಳಲ್ಲ. ನೀರು ಒಂದು ವಸ್ತು. ಮರಳು ಇನ್ನೊಂದು ವಸ್ತು. ಒಂದನ್ನು ಇನ್ನೊಂದರ ಮೇಲೆ ಬಿಡುವುದರಲ್ಲಿ ತಾತ್ವಿಕ ತೊಡಕೇನೂ ಇಲ್ಲ. ಹೀಗೆ ವಿವರಿಸಿ ನಲ್ಲಿ ಹಿಡಿದೆ. ಕೈ ತಿರುಗಲಿಲ್ಲ. ಬುದ್ಧಿ ಆಜ್ಞೆ ಕೊಡುತ್ತಿತ್ತು, ಕೈ ಮಾತ್ರ ಚಳ್ಳಕೆರೆಯಲ್ಲೇ ಇತ್ತು.

"ಚೆಲ್ಲುವುದು ಬೇಡ, ಬಳಸೋಣ," ಎಂದು ಆದೇಶ ಬದಲಿಸಿದೆ. ಎಲ್ಲರ ಮುಖವೂ ಅರಳಿತು. ಬೊಮ್ಮಕ್ಕ ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು. ನಮ್ಮವರಿಗೆ ತಲೆಗೆ ಸ್ನಾನವಾಯಿತು. ಚಾಂದ್ ಪಾಷ ವ್ಯಾನ್ ತೊಳೆದ. ಕಹಳೆಯವನ ಮುಖಕ್ಕೆ ಸೋಪು ಹಾಕಿ ಉಜ್ಜಿದ. ನಾನು ಉಣ್ಣದ ತಟ್ಟೆಗಳನ್ನೆಲ್ಲ ಬೆಳಗಿದೆ. ಅರಬ್ಬೀ ಸಮುದ್ರ ಗಾಲಿಯ ಅರ್ಧಕ್ಕೆ ಬಂದಿತ್ತು. ಅದರ ನಡುವೆ ನಿಂತು ನಾವು ನಾಲ್ವರು ಚೊಂಬಿನಲ್ಲಿ ಅಳೆದು ಅಳೆದು ನೀರು ಖರ್ಚು ಮಾಡುತ್ತಿದ್ದೆವು. ಡ್ರಮ್ಮು ಕಾಲುಭಾಗವೂ ಇಳಿದಿರಲಿಲ್ಲ.

ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ನಿಂತಳು. ಬಹಳ ಹೊತ್ತು ನೋಡಿದಳು. ಹಂಪಿಯಲ್ಲಿ ನಮ್ಮವರು ನೋಡಿದಷ್ಟೇ ಹೊತ್ತು.

"ಎಂತ ಮಾಡ್ತಿದ್ರಿ ಮಾರಾಯ್ರೆ?"

"ನೀರು ಖಾಲಿ ಮಾಡ್ತಿದ್ದೀವಿ," ಎಂದೆ. "ಚಳ್ಳಕೆರೆಯಿಂದ ತಂದದ್ದು. ಸಿಹಿನೀರು. ನಿಮಗೆ ಬೇಕಾದರೆ ಕೊಡ ತನ್ನಿ, ಸಂಕೋಚ ಬೇಡ."

ಔದಾರ್ಯದಿಂದ ನನ್ನ ಧ್ವನಿ ಸ್ವಲ್ಪ ಏರಿತ್ತು. ಅವಳು ಬುಟ್ಟಿ ಇಳಿಸಿ, ಬೊಗಸೆ ಒಡ್ಡಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಪಕ್ಕಕ್ಕೆ ತಿರುಗಿ ಉಗಿದಳು.

"ಇದೆಂತ ನೀರ್ ಮಾರಾಯ್ರೆ, ಉಪ್ಪಲ್ದಾ!"

ನಾವು ನಾಲ್ವರೂ ಒಂದೊಂದು ಲೋಟ ಕುಡಿದು ಪರೀಕ್ಷಿಸಿದೆವು. ಸಿಹಿಯಾಗಿಯೇ ಇತ್ತು. ಅವಳು ನಗುತ್ತ ತೆಂಗಿನ ಮರಗಳ ಹಿಂದಿದ್ದ ತನ್ನ ಅಂಗಳಕ್ಕೆ ಹೋಗಿ ಬಾವಿಯಿಂದ ಒಂದು ಕೊಡ ಸೇದಿಕೊಂಡು ಬಂದಳು. ಸಮುದ್ರದಿಂದ ಕೂಗಳತೆಯಲ್ಲಿದ್ದ ಬಾವಿ.

ಕುಡಿದೆ. ಆ ನೀರಿಗೆ ರುಚಿಯೇ ಇರಲಿಲ್ಲ. ನೀರಿಗೆ ರುಚಿ ಇರಬಾರದೆಂಬುದು ಅರವತ್ತೇಳು ವರ್ಷ ನನಗೆ ಗೊತ್ತಿರಲಿಲ್ಲ.

"ಇದ್ರಾಗೆ ಏನೂ ಇಲ್ವೇ ಇಲ್ಲ ಅಮ್ಮಾಯಿ!" ಎಂದು ಬೊಮ್ಮಕ್ಕ ಚೊಂಬಿನೊಳಗೆ ಇಣುಕಿದರು.

ಯಾರೂ ಹೇಳದೆಯೇ ಚಾಂದ್ ಪಾಷ ಹೋಗಿ ನಲ್ಲಿ ತಿರುಗಿಸಿದ. ಚಳ್ಳಕೆರೆಯ ಉಪ್ಪು ಸಮುದ್ರದ ಉಪ್ಪನ್ನು ಸೇರಿತು. ಆ ಹೆಂಗಸು ಕೂಗಿ ಕರೆದ ಬೆಸ್ತರು ಹಗ್ಗ ತಂದು, ದೋಣಿಯನ್ನು ಎಳೆಯುವ ಹಾಗೆ ಐಲೇಸಾ ಹಾಕಿ, ನಮ್ಮ ಮನೆಯನ್ನು ತೆಂಗಿನ ಬುಡಕ್ಕೆ ತಂದು ನಿಲ್ಲಿಸಿದರು. ಬೊಮ್ಮಕ್ಕ ಅಲೆಗೆ ಕಾಲಿಟ್ಟು, ಇದೇನು ಕುಣಿಮಗ್ಗದ ಗುಂಡಿಗಿಂತ ತಣ್ಣಗಿದೆಯಲ್ಲ ಎಂದು ಮೂರು ಮುಳುಗು ಹಾಕಿದರು.

ನಮ್ಮವರು ಪಂಥದ ಲೆಕ್ಕ ಕೇಳುವ ಬದಲು ತೆಂಗಿಗೆ ಒರಗಿ ಕೂತರು. ಕಾಫಿ ಕುಡಿದರು. ಅಡ್ಡಬಂದ ಡ್ರಮ್ಮಿಗೆ ಒಮ್ಮೆ ಬೆರಳಿನಿಂದ ತಟ್ಟಿದರು. ಅದು ಟಣ್ ಎಂದಿತು.

ಎರಡು ದಿನ ಅಲ್ಲೇ ಇದ್ದೆವು. ಹೊರಡುವ ಬೆಳಿಗ್ಗೆ ನಾನು ಬಾವಿಕಟ್ಟೆಯ ಬಳಿ ನಿಂತಿದ್ದೆ. ಇಷ್ಟು ಒಳ್ಳೆಯ ನೀರು. ಎಲ್ಲಿ ನೋಡಿದರೂ ನೀರು. ಅತ್ತ ಖಾಲಿ ಡ್ರಮ್ಮು. ಅದನ್ನು ಹಾಗೇ ಖಾಲಿ ಹೊತ್ತುಕೊಂಡು ಚಳ್ಳಕೆರೆಗೆ ಹೋಗುವುದೇ? ಮುಂದೆ ಘಾಟಿ ಏರಬೇಕು, ಹಳೆಯ ಎಂಜಿನ್ನು, ಎಲ್ಲವೂ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಟ್ಟೆ.

"ರೀ, ಡ್ರಮ್ಮು ಹೇಗೂ ಖಾಲಿ ಇದೆಯಲ್ಲ..."

ನಮ್ಮವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು. ಅಕ್ಕ ಹತ್ತಿರ ಬರಲೆಂದು ಕಾದರು. ಚಾಂದ್ ಪಾಷನಿಗೂ ಎಂಜಿನ್ ಆರಿಸಲು ಸನ್ನೆ ಮಾಡಿದರು. ಆಮೇಲೆ ನನ್ನದೇ ಧ್ವನಿಯಲ್ಲಿ, ನಾನು ನಿಲ್ಲಿಸುವ ಕಡೆಯೇ ನಿಲ್ಲಿಸಿ, ಹೇಳಿದರು:

"ಡಾಕ್ಟ್ರೇ, ಮೊದಲು ಯೋಚನೆ... ಆಮೇಲೆ ಮಾತು."